ಬೂದಿಯಿಲ್ಲದ ಊರು

ನನ್ನ ಹೆಸರು ಲಿಯೊನೆಲ್. ಅಬುಧಾಬಿ ಸೀಮೆಯ ಅಲ್ ಐನಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಕಲ್ಲು, ಮಣ್ಣು ಉಜ್ಜುವುದು ನನ್ನ ಕೆಲಸ. ಚೂರನ್ನು ಗಾಜಿನ ಪಟ್ಟಿಗೆ ಅಂಟಿಸಿ, ಬೆಳಕು ಅದರೊಳಗಿಂದ ಹಾದುಹೋಗುವಷ್ಟು ತೆಳ್ಳಗೆ ಉಜ್ಜಿ ಕೊಡುತ್ತೇನೆ. ಉಳಿದದ್ದನ್ನು ಓದಿದವರು ಮೈಕ್ರೋಸ್ಕೋಪಿನಲ್ಲಿ ನೋಡಿಕೊಳ್ಳುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈ ಒಮ್ಮೆಯೂ ತಪ್ಪಿಲ್ಲ ಎಂದು ಹೊಸಬರಿಗೆಲ್ಲ ಹೇಳುತ್ತಿದ್ದೆ. ಕೇಳದವರಿಗೂ ಹೇಳುತ್ತಿದ್ದೆ.

ನನ್ನದೊಂದು ಪದ್ಧತಿಯಿದೆ. ಬೆಳಿಗ್ಗೆ ಒಳ್ಳೆಯ ಚೂರು ಮುಟ್ಟುವ ಮೊದಲು ಊರಿನ ಹೆಂಚಿನ ತುಂಡೊಂದನ್ನು ಉಜ್ಜಿ ಕೈ ಪಳಗಿಸಿಕೊಳ್ಳುತ್ತೇನೆ. ಆ ಹೆಂಚು ನೇತ್ರಾವತಿ ದಂಡೆಯ ಫ್ಯಾಕ್ಟರಿಯದು. ಅಪ್ಪ ಅಲ್ಲಿ ಮೂವತ್ತೆಂಟು ವರ್ಷ ಮಣ್ಣು ಹದ ಮಾಡಿದರು. ಚಿಟಿಕೆ ಮಣ್ಣನ್ನು ಹಲ್ಲಿನಡಿ ಕಡಿದು ನೋಡಿ ಮರಳು ಹೆಚ್ಚೋ ಕಡಿಮೆಯೋ ಹೇಳುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಅಪ್ಪನಿಗೆ ಬಾಯಿಯೂ ಕೆಸರೇ ಆಯಿತು. ಫ್ಯಾಕ್ಟರಿ ಮುಚ್ಚಿದ ಮೇಲೆ ನಾನು ನಾಲ್ಕು ಹೆಂಚನ್ನು ಟವೆಲಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಇಲ್ಲಿಗೆ ತಂದಿದ್ದೆ.

ಎರಡು ಸಾವಿರದ ಹದಿನೈದರಲ್ಲಿ ಫರ್ಝಾನ ಎಂಬ ಹುಡುಗಿ ನಮ್ಮ ಲ್ಯಾಬಿಗೆ ಬಂದಳು. ನಮ್ಮೂರ ಕಡೆಯ ಬ್ಯಾರಿ ಮುಸ್ಲಿಮರ ಮಗಳು, ಬೆಳೆದದ್ದು ಅಬುಧಾಬಿಯಲ್ಲಿ. ಅವಳ ತಂದೆ ಉಮ್ಮರಬ್ಬರಿಗೆ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೊಬೈಲ್ ಅಂಗಡಿ. ಅವಳ ಥೀಸಿಸ್ಸು ಸಾವಿರದಿನ್ನೂರು ವರ್ಷ ಹಿಂದಿನ ಮಾಯಾ ಜನರ ಮಡಕೆಗಳ ಮೇಲೆ. ಆ ಮಡಕೆಗಳ ಮಣ್ಣಿನಲ್ಲಿ ಜ್ವಾಲಾಮುಖಿಯ ಬೂದಿ ಬೆರೆತಿದೆ. ಆದರೆ ಅವು ಸಿಕ್ಕಿದ ಸೀಮೆಯಲ್ಲಿ ಜ್ವಾಲಾಮುಖಿಯೇ ಇಲ್ಲ. ಹಾಗಾದರೆ ಬೂದಿ ಯಾವ ಬೆಟ್ಟದಿಂದ, ಯಾವ ದಾರಿಯಲ್ಲಿ ಬಂತು? ಇದು ಅವಳ ಪ್ರಶ್ನೆ. ಮ್ಯೂಸಿಯಂ ಒಂದು ಹನ್ನೆರಡು ಹಳ್ಳಿಗಳ ಹನ್ನೆರಡು ಚೂರು ಕೊಟ್ಟಿತ್ತು, ಒಂದೊಂದೂ ಉಗುರಿನಷ್ಟು. ಹನ್ನೊಂದರಲ್ಲಿ ಒಂದೇ ಬೆಟ್ಟದ ಬೂದಿ ಸಿಕ್ಕಿತು. ಹನ್ನೆರಡನೆಯದರಲ್ಲಿ ಬೂದಿಯೇ ಇರಲಿಲ್ಲ.

ನವೆಂಬರಿನ ಒಂದು ಗುರುವಾರ ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. ಆಗ ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ರಜೆ ಮುಗಿದು ಭಾನುವಾರ ಥೀಸಿಸ್ ಒಪ್ಪಿಸಬೇಕಿತ್ತು.

"ಅಂಕಲ್, ಇದೊಂದು ಪೇಜ್ ಕೇಳಿ. ನನಗೆ ತುಂಬಾ ಇಷ್ಟದ್ದು," ಅಂದವಳು ಇಂಗ್ಲಿಷಿನದನ್ನು ಕನ್ನಡ ಮಾಡಿ ಹೇಳಿದಳು. "ಬೂದಿ ತರುವ ದಾರಿ ಈ ಊರಿನವರೆಗೆ ಬರ್ಲಿಲ್ಲ. ಆದ್ರೂ ಇಲ್ಲಿಯ ಕುಂಬಾರ ಸುಮ್ಮನೆ ಕೂತಿಲ್ಲ. ಹೊಳೆ ಮರಳನ್ನೇ ನೋಡಿ ನೋಡಿ ಹಾಕಿದ್ದಾನೆ. ಮಣ್ಣಿನಲ್ಲಿ ಒಂದು ಗಾಳಿ ತೂತಿಲ್ಲ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಆದ್ರೆ ಇಷ್ಟು ತಾಳ್ಮೆಯ ಕೈ ಈ ಹನ್ನೆರಡರಲ್ಲಿ ಬೇರೆ ಇಲ್ಲ."

"ಚೆಂದ ಉಂಟು ಮಗಾ," ಅಂದೆ.

ಅವಳು ಹೋದ ಮೇಲೆ ಆ ಮಾತನ್ನೇ ಮತ್ತೆ ಮನಸ್ಸಿನಲ್ಲಿ ಹೇಳಿಕೊಂಡೆ. ಹೊಳೆ ಮರಳು, ಗಾಳಿ ತೂತಿಲ್ಲದ ಮಣ್ಣು. ಅದನ್ನು ನಾನು ದಿನಾ ಬೆಳಿಗ್ಗೆ ನೋಡುತ್ತೇನೆ.

ಕೈ ಪಳಗಿಸಿದ ಪಟ್ಟಿಗಳನ್ನೆಲ್ಲ ತಾರೀಕು ಬರೆದು ಖರ್ಜೂರದ ಡಬ್ಬಿಯಲ್ಲಿ ಇಡುತ್ತೇನೆ. ಹನ್ನೆರಡನೆಯ ಚೂರು ಉಜ್ಜಿದ ದಿನದ ಪಟ್ಟಿಯನ್ನು ಹುಡುಕಿ ಮೈಕ್ರೋಸ್ಕೋಪಿನಡಿ ಇಟ್ಟೆ. ಹೆಂಚು ಕಾಣಬೇಕಾದಲ್ಲಿ ಬೂದಿ ಕಂಡಿತು, ಒಡೆದ ಬಳೆಚೂರಿನ ಹಾಗೆ ಬಾಗಿದ ಗಾಜಿನ ಸಣ್ಣ ಸಣ್ಣ ತುಣುಕು. ಆ ಚೂರು ಉಜ್ಜಿದ್ದು ರಂಝಾನಿನ ತಿಂಗಳಲ್ಲಿ, ಎರಡು ಗಂಟೆಗೇ ಬಾಗಿಲು ಹಾಕುವ ಅವಸರ. "ಯಲ್ಲಾ ಅಂಕಲ್, ಖಲಾಸ್," ಬೇಗ ಮುಗಿಸಿ ಎಂದು ಸೆಕ್ಯುರಿಟಿಯ ಇಸ್ಮಾಯಿಲ್ ಬಾಗಿಲಲ್ಲಿ ನಿಂತಿದ್ದ. ಹೆಂಚಿನ ಪಟ್ಟಿ, ಮಡಕೆಯ ಪಟ್ಟಿ ಎರಡೂ ಒಂದೇ ಕಂದು ಬಣ್ಣ. ಕೊನೆಗೆ ಚೀಟಿ ಅಂಟಿಸುವಾಗ ಅದಲುಬದಲು ಮಾಡಿದ್ದೆ. ಹುಡುಗಿ ನಾಲ್ಕು ತಿಂಗಳಿಂದ ನನ್ನ ಅಪ್ಪನ ಹೆಂಚಿನಲ್ಲಿ ಮಾಯಾ ಬೂದಿ ಹುಡುಕುತ್ತಿದ್ದಳು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಚೂರುಗಳು ಮ್ಯೂಸಿಯಂಗೆ ಮರಳಿದ್ದವು. ಜನವರಿಗೆ ನನಗೆ ಅರವತ್ತು, ಕೆಲಸ ಮುಂದುವರಿಸುತ್ತಾರೋ ಇಲ್ಲವೋ ಎಂಬ ಸಮಯ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಆದರೆ ನಿಜ ಹೇಳುತ್ತೇನೆ, ನನ್ನನ್ನು ತಡೆದದ್ದು ಮಾನವೂ ಅಲ್ಲ, ಕೆಲಸವೂ ಅಲ್ಲ. ಅಪ್ಪನ ಕೈಯ ಬಗ್ಗೆ ಈ ಲೋಕದಲ್ಲಿ ಯಾರಾದರೂ ಬರೆದ ಮಾತು ಅದೊಂದೇ. ಅದು ಇರಲಿ ಎಂದು ನನಗೆ ಆಸೆಯಾಯಿತು.

ಶುಕ್ರವಾರ ಚರ್ಚಿನಲ್ಲಿ ಪೂಜೆ ಮುಗಿಯುವವರೆಗೂ ನನಗೆ ಒಂದು ಪ್ರಾರ್ಥನೆಯೂ ನೆನಪಾಗಲಿಲ್ಲ. ಹೊರಗೆ ಬಂದ ಮೇಲೆ ಹೆಂಡತಿ ಅಗಾತಾಳಿಗೆ ಎಲ್ಲ ಹೇಳಿದೆ.

"ಆ ಹನ್ನೆರಡನೇ ಊರಿನವರ ಹತ್ತಿರವೂ ಬೂದಿ ಇತ್ತಲ್ಲ," ಅಂದಳು. "ಇಲ್ಲ ಅಂತ ಬರೆದರೆ ಅವರಿಗೆ ಅನ್ಯಾಯ ಅಲ್ವಾ? ನಿಮ್ಮಪ್ಪ ಇದ್ದಿದ್ದರೆ ಸುಮ್ಮನಿರ್ತಿದ್ದರಾ?"

ನಾನು ಅಲ್ಲಿಂದಲೇ ಅಬುಧಾಬಿಯ ಬಸ್ಸು ಹತ್ತಿದೆ.

ಉಮ್ಮರಬ್ಬರ ಫ್ಲಾಟಿನಲ್ಲಿ ನನಗೆ ಚಹಾ ಕೊಟ್ಟರು. ಕುಡಿಯಲಾಗಲಿಲ್ಲ. ಫರ್ಝಾನಳಿಗೆ ಮೊಬೈಲಿನಲ್ಲಿ ತೆಗೆದಿದ್ದ ಬೂದಿಯ ಫೋಟೋ ತೋರಿಸಿ ನಡೆದದ್ದನ್ನು ಹೇಳಿದೆ. ಅವಳು ಎದ್ದು ನಿಂತಳು.

"ನಾಲ್ಕು ತಿಂಗಳು ಅಂಕಲ್! ನಿಮ್ಮ ಕೈ ತಪ್ಪುದಿಲ್ಲ ಅಂತ ನಾನು ಒಂದ್ಸಲ ಕೂಡ ಡೌಟ್ ಮಾಡ್ಲಿಲ್ಲ!"

ಅವಳು ಬೈದದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿದೆ. ನಾಳೆಯೇ ಲ್ಯಾಬು ತೆರೆಸುತ್ತೇನೆ, ಎಲ್ಲಿ ಬೇಕಾದರೂ ನನ್ನ ತಪ್ಪೆಂದು ಬರೆದು ಸಹಿ ಹಾಕುತ್ತೇನೆ ಅಂದೆ. ಸಿಟ್ಟು ಇಳಿದ ಮೇಲೆ ಅವಳು ಆ ಫೋಟೋವನ್ನು ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದಳು.

"ದಾರಿ ಇವರವರೆಗೂ ಬಂದಿತ್ತು," ಅಂದಳು ಮೆಲ್ಲಗೆ. ಮತ್ತೆ ಕೇಳಿದಳು, "ಹಾಗಾದ್ರೆ ನಾನು ಬರೆದದ್ದು ಯಾರ ಬಗ್ಗೆ?"

ಹೇಳಿದೆ. ಅಪ್ಪನ ಹೆಂಚಿನ ಕಥೆ ಕೇಳಿ ಅವಳು ಲ್ಯಾಪ್‌ಟಾಪಿನಲ್ಲಿ ಆ ಪುಟ ತೆರೆದು, ಸಾಲುಗಳನ್ನು ಗುರುತು ಮಾಡಿ, ಅಲ್ಲಿಗೇ ಕೈ ನಿಲ್ಲಿಸಿದಳು.

"ನನ್ನಿಂದ ಆಗುದಿಲ್ಲ ಅಂಕಲ್."

ಲ್ಯಾಪ್‌ಟಾಪನ್ನು ನನ್ನ ಕಡೆಗೆ ಎಳೆದುಕೊಂಡು ನಾನೇ ಅಳಿಸಿದೆ. ಅಪ್ಪ ತೀರಿದಾಗ ರಜೆ ಸಿಗದೆ ಮಣ್ಣಿಗೆ ಹೋಗಿರಲಿಲ್ಲ. ಆ ದಿನವೂ ಲ್ಯಾಬಿಗೆ ಬಂದು ಒಂದು ಹನಿ ಕಣ್ಣೀರಿಲ್ಲದೆ ಕೆಲಸ ಮಾಡಿದ್ದೆ. ಹನ್ನೊಂದು ವರ್ಷದ ನಂತರ ಎಲೆಕ್ಟ್ರಾ ಸ್ಟ್ರೀಟಿನಲ್ಲಿ, ಪರರ ಮನೆಯ ಸೋಫಾದಲ್ಲಿ ಕೂತು, ಅಪ್ಪನಿಗಾಗಿ ಬಾಯಿಬಿಟ್ಟು ಅತ್ತೆ.