ಬರೆದವರ ಮೇಲೆ ಆಣೆ

ಪುಂಜಾಲಕಟ್ಟೆಯ ಮನೆಯಿಂದ ಹೊರಡುವಾಗ ಸುರಕ್ಷಾಳಿಗೆ ಅಮ್ಮ ಪದ್ಮಾಕ್ಷಿ ಹೇಳಿದ್ದು ಒಂದೇ ಮಾತು. “ದೊಡ್ಡಮ್ಮನ ಮನೆಯಲ್ಲಿ ಒಂದು ತೊಟ್ಟು ನೀರು ಸಹ ಮುಟ್ಟಬೇಡ. ಆಣೆ ಬಿದ್ದು ಆಗಿದೆ. ನೆನಪಿರಲಿ.”

ಆಣೆ ಹಾಕಿದವರು ಬೆಳ್ತಂಗಡಿಯ ದೊಡ್ಡಮ್ಮ ಶಶಿಪ್ರಭಾ. ಅದು ಯಾರ ಮೇಲೆ ಬಿದ್ದಿದೆಯೆಂದು ಮಾತ್ರ ಅವರಿಗೇ ಗೊತ್ತಿರಲಿಲ್ಲ.

ವಿಷಯ ಇಷ್ಟೇ. ‘ತುಂಬು ಚಾವಡಿ’ ಧಾರಾವಾಹಿಯ ಚಂದ್ರಾವತಿ ಎಂಬ ಅತ್ತೆ ನಾನೂರು ಸಂಚಿಕೆ ಯಾರಿಗೂ ಬಗ್ಗದೆ ನಿಂತವಳು. ಕಳೆದ ಮಂಗಳವಾರ ಇದ್ದಕ್ಕಿದ್ದ ಹಾಗೆ ಸೊಸೆಯ ಕಾಲು ಹಿಡಿದು ಗೋಳೋ ಎಂದಳು. ಅತ್ತೆ ಅತ್ತದ್ದೇ ಸೈ, ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಹಬ್ಬಿದ ‘ಚಂದ್ರಾವತಿ ಬಳಗ’ ಎಂಬ ವಾಟ್ಸ್ಆ್ಯಪ್ ಗುಂಪಿನ ಇನ್ನೂರ ಹನ್ನೊಂದು ಫೋನುಗಳು ಒಟ್ಟಿಗೆ ಗುಂಯ್‌ಗುಟ್ಟಿದವು. ಪಾತ್ರ ಬೆಳೆಯಬೇಕು, ಒಪ್ಪಿದೆ, ಆದರೆ ಪಾತ್ರೆ ತಿಕ್ಕಿದ ಹಾಗೆ ಒಂದೇ ಸಂಜೆಗೆ ಫಳಫಳ ಹೊಳೆಯುವುದುಂಟಾ ಎಂದು ಫರಂಗಿಪೇಟೆಯ ಆಫ್ರಾ ನಾಲ್ಕು ನಿಮಿಷ ಮಾತಾಡಿ ಕಳಿಸಿದಳು. ನಾನೂರು ಸಂಚಿಕೆ ಬೈದು ಬೈದು ಯಾರಿಗಾದರೂ ಬಾಯಿ ನೋಯುತ್ತದೆ, ಸೋತು ಅತ್ತರೆ ಏನು ತಪ್ಪು ಎಂದು ಮೂಡುಬಿದಿರೆಯ ಟೈಲರ್ ಕಾಂತಿ ಕೇಳಿದಳು. ಅವಳನ್ನು ಗುಂಪಿನಿಂದ ತೆಗೆಯಿರಿ ಎಂದು ಹದಿನಾರು ಜನ ಕೂಗೆಬ್ಬಿಸಿದರು.

ಗುಂಪಿನ ಅಡ್ಮಿನ್ ದೊಡ್ಡಮ್ಮ. ಅವರು ವಾದಕ್ಕೆ ಇಳಿಯಲಿಲ್ಲ. ದೇವರ ದೀಪದ ಎದುರು ನಿಂತು, ಇದನ್ನು ಬರೆದವರು ಯಾರೇ ಆಗಲಿ, ಅವರ ಮೇಲೆ ಧರ್ಮಸ್ಥಳದ ಆಣೆ ಉಂಟು ಎಂದು ಗಟ್ಟಿಯಾಗಿ ಹೇಳಿ, ಅದನ್ನು ರೆಕಾರ್ಡ್ ಮಾಡಿ ಹಾಕಿದರು. ಗುಂಪು ಗಪ್‌ಚಿಪ್ಪಾಯಿತು. ಚರ್ಚೆ ಎಷ್ಟು ಬೇಕಾದರೂ ಮಾಡಬಹುದು. ಈ ಊರಿನಲ್ಲಿ ಆಣೆಯ ಮೇಲೆ ಚರ್ಚೆ ಇಲ್ಲ. ಧರ್ಮಸ್ಥಳಕ್ಕೆ ಹೋಗಿ ಬಿಡಿಸುವವರೆಗೆ, ಹಾಕಿದವರ ಮನೆಯ ನೀರನ್ನು ಬಿದ್ದವರು ಮುಟ್ಟುವಂತಿಲ್ಲ.

ಬರೆದವಳು ಸುರಕ್ಷಾ. ಎರಡು ವರ್ಷದಿಂದ, ಬೇರೆ ಹೆಸರಿನಲ್ಲಿ, ಮನೆಯಲ್ಲೇ ಕುಳಿತು ಆ ಧಾರಾವಾಹಿಗೆ ಸಂಭಾಷಣೆ ಬರೆದು ಕಳಿಸುತ್ತಿದ್ದಳು. ಅದು ಅಮ್ಮನಿಗೆ ಮಾತ್ರ ಗೊತ್ತು. ಅಮ್ಮನಿಗೂ ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ಮೂಡುಬಿದಿರೆಯಲ್ಲಿ ಓದುವಾಗ ಪ್ರಿನ್ಸಿಪಾಲರ ಕೆಮ್ಮಿನಿಂದ ಹಿಡಿದು ಕ್ಯಾಂಟೀನಿನ ಮಿಕ್ಸಿಯವರೆಗೆ ಎಲ್ಲದರ ಮಿಮಿಕ್ರಿ ಮಾಡಿ ಕಪ್ ಗೆದ್ದವಳು ಅವಳು. ಈಗ ಕೋಣೆಯ ಬಾಗಿಲು ಹಾಕಿಕೊಂಡು ದೊಡ್ಡಮ್ಮನ ದನಿಯಲ್ಲಿ ಬೈಯುತ್ತಿದ್ದಳು, ಬೈದದ್ದನ್ನು ಟೈಪ್ ಮಾಡುತ್ತಿದ್ದಳು. ಚಂದ್ರಾವತಿಯ ಬಾಯಿಂದ ಬಿದ್ದ ಪ್ರತಿ ಮಾತೂ ದೊಡ್ಡಮ್ಮನ ನಾಲಗೆಯದೇ.

ಡಿಗ್ರಿಯ ಮೂರು ವರ್ಷ ಅವಳನ್ನು ಮನೆಯಲ್ಲಿಟ್ಟುಕೊಂಡು, ಬೆಳಿಗ್ಗೆ ಆರಕ್ಕೆ ಬುತ್ತಿ ಕಟ್ಟಿ, ಮೂಡುಬಿದಿರೆ ಬಸ್ಸಿಗೆ ಹತ್ತಿಸಿದವರು ದೊಡ್ಡಮ್ಮ. ಇದೇ ದೊಡ್ಡಮ್ಮ ಸ್ವಂತ ತಮ್ಮ ಚಿನ್ನಯ್ಯನ ಹತ್ತಿರ ಹತ್ತು ವರ್ಷದಿಂದ ಮಾತಾಡಿಲ್ಲ. ಆಚೆ ಮನೆಯ ಅಂಗಳದಲ್ಲಿ ಅವನು ಕೆಮ್ಮಿದರೆ ಈಚೆ ಇವರು ರೇಡಿಯೋ ದೊಡ್ಡದು ಮಾಡುತ್ತಾರೆ. ಬರೆದದ್ದು ಯಾರೆಂದು ತಿಳಿದ ದಿನ ತನಗೂ ಅದೇ ರೇಡಿಯೋ ಎಂದು ಸುರಕ್ಷಾಳಿಗೆ ಗೊತ್ತಿತ್ತು. ಈಗ ಬಾ ಎಂದು ಅವರು ಕರೆದದ್ದು ಬೇರೆ ಕೆಲಸಕ್ಕೆ. ಚಾನೆಲಿಗೆ ಬಳಗದ ಪರವಾಗಿ ದೂರು ಬರೆಯಬೇಕು, ನಿನ್ನ ಕನ್ನಡ ಚಂದ ಉಂಟು, ನೀನೇ ಬರಿ.

ಜಗಲಿಯಲ್ಲಿ ಕುಳಿತ ಕೂಡಲೇ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ಬಂತು. ಸುರಕ್ಷಾ ಪೆನ್ನಿನ ಮುಚ್ಚಳ ತೆಗೆದಳು. ಮೊದಲು ಬರೆಯುವ, ಮತ್ತೆ ಕುಡಿಯುತ್ತೇನೆ ಎಂದಳು. ಆಣೆಗೀಣೆ ನಾನು ನಂಬುವುದಿಲ್ಲ ಎಂದು ಬೆಳಿಗ್ಗೆ ಅಮ್ಮನ ಮುಂದೆ ನಕ್ಕವಳು ಅವಳು. ಈಗ ಚೆಂಬಿನ ಕಡೆ ಕೈ ಹೋಗಲೊಲ್ಲದು.

ದೊಡ್ಡಮ್ಮ ಹೇಳುತ್ತಾ ಹೋದರು, ಅವಳು ಬರೆಯುತ್ತಾ ಹೋದಳು. ನಾನೂರು ಸಂಚಿಕೆ ಕಟ್ಟಿದ ಹೆಂಗಸನ್ನು ಇಪ್ಪತ್ತು ನಿಮಿಷದಲ್ಲಿ ಕೆಡವಿದ್ದೀರಿ. ಅವಳು ಬದಲಾಗಬಾರದೆಂದು ನಾವು ಹೇಳುವುದಿಲ್ಲ, ಬದಲಾಗುವುದು ನಮಗೆ ಕಾಣಬೇಕು. ಅಷ್ಟು ಹೇಳಿ ಅವರು ಒಳಗೆ ಹೋಗಿ ಚಾ ತಂದಿಟ್ಟರು. ಹೊಟ್ಟೆ ಸರಿ ಇಲ್ಲ ಎಂದಳು ಸುರಕ್ಷಾ. ಚಾ ಒಳಗೆ ಹೋಯಿತು, ಜೀರಿಗೆ ಕಷಾಯ ಹೊರಗೆ ಬಂತು. ಇವತ್ತು ಶನಿವಾರ, ಉಪವಾಸ ಎಂದಳು. ದೊಡ್ಡಮ್ಮ ಅವಳ ಮುಖವನ್ನೇ ನೋಡುತ್ತಾ ಕುರ್ಚಿಯಲ್ಲಿ ಕುಳಿತರು.

“ಇನ್ನೊಂದು ಸಾಲು ಬರಿ,” ಎಂದರು. “ಇದನ್ನು ಬರೆದವನಿಗೆ ಮನೆಯಲ್ಲಿ ತಾಯಿ ಇಲ್ಲವಾ? ದೊಡ್ಡಮ್ಮ ಇಲ್ಲವಾ? ಒಬ್ಬ ಗಟ್ಟಿ ಹೆಂಗಸನ್ನು ಅವನು ನೋಡಿಯೇ ಇಲ್ಲವಾ?”

ಸುರಕ್ಷಾ ‘ಇಲ್ಲವೇ’ ಎಂದು ಬರೆದಳು. ಎರಡನೆಯ ‘ಇಲ್ಲವೇ’ಗೆ ಅಕ್ಷರ ವಾಲಿತು. ಮೂರನೆಯದಕ್ಕೆ ಪೆನ್ನು ನಿಂತಿತು.

“ಉಪವಾಸದವರು ನೀರು ಕುಡಿಯುತ್ತಾರೆ,” ಎಂದರು ದೊಡ್ಡಮ್ಮ. “ಹೊಟ್ಟೆ ಸರಿ ಇಲ್ಲದವರು ಕಷಾಯ ಕುಡಿಯುತ್ತಾರೆ. ಮೂರು ವರ್ಷ ನನ್ನ ಕೈಯಿಂದ ಉಂಡವಳು ನೀನು. ಈಗ ನೀರು ಬೇಡ ಹೇಳ್ತಿಯಲ್ಲ, ಯಾಕೆ?”

ಅವಳು ಪೆನ್ನಿನ ಮುಚ್ಚಳ ಹಾಕಿದಳು.

“ಆಣೆ ಇದ್ದರೆ ಮಾತ್ರ ನಮ್ಮಲ್ಲಿ ನೀರು ಬೇಡ ಹೇಳುವುದು.” ಅವರ ದನಿ ಏರಲಿಲ್ಲ. ಏರಿದ್ದರೆ ವಾಸಿ ಇತ್ತು. “ನಾನು ಈ ಜನ್ಮದಲ್ಲಿ ಆಣೆ ಹಾಕಿದ್ದು ಒಂದೇ.”

ಅಂಗಳದಲ್ಲಿ ಅಡಿಕೆ ಕಾಯುತ್ತಿದ್ದ ನಾಯಿ ಎದ್ದು ಮೈ ಕೊಡವಿ ಪುನಃ ಮಲಗಿತು. ಯಾವ ದನಿಯಲ್ಲಿ ಉತ್ತರ ಕೊಡುವುದೆಂದು ಸುರಕ್ಷಾ ಹುಡುಕಿದಳು. ಪ್ರಿನ್ಸಿಪಾಲರದ್ದು, ನಿರ್ದೇಶಕರದ್ದು, ಚಂದ್ರಾವತಿಯದ್ದು, ಎಲ್ಲವೂ ಗಂಟಲವರೆಗೆ ಬಂದು ಹಿಂದೆ ಹೋದವು. ಉಳಿದದ್ದು ಅವಳದ್ದೇ ಒಂದು ಸಣ್ಣ ದನಿ.

“ನಾನೇ ಬರೆದದ್ದು ದೊಡ್ಡಮ್ಮ. ಮೊದಲಿಂದಲೂ.”

ನೋಡುವವರು ಕಡಿಮೆಯಾಗಿದ್ದಾರೆ, ಜನಕ್ಕೆ ಕಣ್ಣೀರು ಬೇಕು, ಮಂಗಳವಾರದೊಳಗೆ ಅತ್ತೆಯನ್ನು ಒಳ್ಳೆಯವಳು ಮಾಡಿ ಎಂದು ಚಾನೆಲಿನವರು ಹೇಳಿದ್ದನ್ನು, ತಾನು ಎರಡು ಸಲ ಆಗುವುದಿಲ್ಲ ಎಂದು ಮೂರನೆಯ ಸಲ ಬರೆದು ಕೊಟ್ಟದ್ದನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

“ಚಂದ್ರಾವತಿ ಅಂದರೆ ನೀವೇ. ನಿಮ್ಮನ್ನು ನೋಡಿಯೇ ಬರೆದದ್ದು.”

ದೊಡ್ಡಮ್ಮ ಕಷಾಯದ ಲೋಟವನ್ನು ಅವಳ ಎದುರಿನಿಂದ ತೆಗೆದು ಪಕ್ಕಕ್ಕೆ ಇಟ್ಟರು. ಮತ್ತೆ ಕೇಳಿದರು. “ಹಾಗಾದರೆ ಮಂಗಳವಾರ ಇಡೀ ಊರಿನ ಮುಂದೆ ಕಾಲು ಹಿಡಿದದ್ದು ನಾನಾ?”

ದೊಡ್ಡಮ್ಮ ಎದ್ದು ಒಳಗೆ ಹೋದರು. ರೇಡಿಯೋ ಹಾಕುತ್ತಾರೆಂದು ಅವಳು ಕಿವಿಗೊಟ್ಟು ಕುಳಿತಳು. ಕೇಳಿಸಿದ್ದು ಕಪಾಟಿನ ಬಾಗಿಲ ಸದ್ದು. ಹೊರಗೆ ಬರುವಾಗ ಅವರು ಸೀರೆ ಬದಲಿಸಿದ್ದರು, ಕೈಯಲ್ಲಿ ಚೀಲ ಇತ್ತು.

“ಹೊರಡು. ಆಣೆ ಬಿಡಿಸಲಿಕ್ಕೆ ಹಾಕಿದವಳೂ ಬೇಕು, ಬಿದ್ದವಳೂ ಬೇಕು. ಸಂಜೆಯೊಳಗೆ ಮುಗಿಸುವ.”

ಧರ್ಮಸ್ಥಳದ ಬಸ್ಸಿನಲ್ಲಿ ದೊಡ್ಡಮ್ಮ ಮುಂದಿನ ಸೀಟಿನಲ್ಲಿ ಕುಳಿತು, ಪಕ್ಕದ ಖಾಲಿ ಜಾಗದಲ್ಲಿ ಚೀಲ ಇಟ್ಟರು. ಸುರಕ್ಷಾ ಹಿಂದಿನದರಲ್ಲಿ ಕುಳಿತಳು. ಕಂಡಕ್ಟರ್ ಬಂದಾಗ ಅವರು ತಮ್ಮ ಆಧಾರ್ ಕಾರ್ಡ್ ಮಾತ್ರ ತೋರಿಸಿದರು. ಇಬ್ಬರೂ ಒಟ್ಟಿಗೆಯಾ ಎಂದು ಅವನು ಕೇಳಿದ. ಬೇರೆ ಬೇರೆ ಎಂದರು ದೊಡ್ಡಮ್ಮ. ಸುರಕ್ಷಾ ಕಿಟಕಿಯ ಕಡೆ ತಿರುಗಿದಳು. ಚಂದ್ರಾವತಿಗೆ ಅಷ್ಟು ಚಿಕ್ಕ, ಅಷ್ಟು ಹರಿತದ ಎರಡು ಶಬ್ದ ಬರೆಯಲು ತನಗೆ ಒಮ್ಮೆಯೂ ಆಗಿರಲಿಲ್ಲವಲ್ಲ ಎಂದುಕೊಂಡಳು, ಮತ್ತು ಹಾಗೆ ಅಂದುಕೊಂಡದ್ದಕ್ಕೆ ನಾಚಿದಳು.

ಉಜಿರೆ ದಾಟಿದ ಮೇಲೆ, ಮುಂದೆ ನೋಡುತ್ತಲೇ ದೊಡ್ಡಮ್ಮ ಕೇಳಿದರು. “ಎಲ್ಲಿಯವರೆಗೆ ಬರೆದು ಕೊಟ್ಟಾಗಿದೆ?”

“ಬರುವ ಶುಕ್ರವಾರದವರೆಗೆ.”

“ಮತ್ತಿನದ್ದು ನಿನ್ನ ಕೈಯಲ್ಲಿ ಉಂಟಾ?”

“ಉಂಟು. ಅವಳನ್ನು ಮೊದಲಿನ ಹಾಗೆ ಮಾಡುತ್ತೇನೆ ದೊಡ್ಡಮ್ಮ. ಅದರ ಮರು ಸೋಮವಾರವೇ.”

“ಬೇಡ.” ಬಸ್ಸು ತಿರುವು ತೆಗೆದುಕೊಂಡಿತು, ಅವರು ಎದುರಿನ ಕಂಬಿಯನ್ನು ಹಿಡಿದುಕೊಂಡರು. “ಒಮ್ಮೆಲೇ ಬಿದ್ದವಳು ಒಮ್ಮೆಲೇ ಏಳುವುದಿಲ್ಲ. ಒಂದು ವಾರ ಯಾರ ಹತ್ತಿರವೂ ಮಾತಾಡದೆ ಇರಲಿ. ಎಷ್ಟು ದಿನ ಬೇಕೋ ಅಷ್ಟು ದಿನ ಇರಲಿ. ನಾನೂ ಹಾಗೆಯೇ. ಇವತ್ತು ಆಣೆ ಬಿಡಿಸಿದ ಕೂಡಲೇ ಎಲ್ಲ ಸರಿಯಾಯಿತು ಅಂತ ನೀನು ತಿಳಿಯಬೇಡ.”

ಸರಿ ಎಂದಳು ಸುರಕ್ಷಾ. ಎಷ್ಟು ದಿನ ಎಂದು ಕೇಳುವ ಧೈರ್ಯ ಬರಲಿಲ್ಲ. ನೇತ್ರಾವತಿಯ ಸೇತುವೆ ಬಂದಾಗ ಜನ ಒಬ್ಬೊಬ್ಬರಾಗಿ ಕೈ ಮುಗಿದರು. ದೊಡ್ಡಮ್ಮನೂ ಮುಗಿದರು. ಹಿಂದಿನ ಸೀಟಿನಲ್ಲಿ ಅವಳೂ ಮುಗಿದಳು.