ಡಾಟ್ ಸಂತೆ ನನ್ನ ಹೊಟ್ಟೆಯಲ್ಲಿದ್ದಾಗ

ನಾನು ಒಂದು ಕಂಪ್ಯೂಟರ್. ಈಗ ಹಾಗೆಂದು ಯಾರೂ ಕರೆಯುವುದಿಲ್ಲ, ಡಬ್ಬಿ ಎನ್ನುತ್ತಾರೆ. ಎನ್ನಲಿ ಬಿಡಿ, ಆನೆಯಂಥ ಆನೆಗೂ ವಯಸ್ಸಾಗುತ್ತದೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ. ಯಾವ್ಯಾವುದೋ ದೇಶದಿಂದ ಬಂದ ಬಿಡಿಭಾಗಗಳನ್ನು ಕೂಡಿಸಿ, ಸ್ಕ್ರೂ ಬಿಗಿದು, ಪ್ಲಗ್ ಚುಚ್ಚಿದರು. ಫ್ಯಾನು ಗುರ್ ಎಂದಿತು. ಮರುದಿನವೇ ಗದಗಿನ ಒಂದು ಮುದ್ರಣಾಲಯಕ್ಕೆ ಹೋದೆ. ಅಲ್ಲಿ ಎರಡು ವರ್ಷ ಮದುವೆ ಆಮಂತ್ರಣಗಳನ್ನು ಹೊತ್ತೆ. ಮಾವನ ಹೆಸರು ಬಿಟ್ಟುಹೋದರೆ ಬೈಗುಳವೆಲ್ಲ ನನಗೇ ಬೀಳುತ್ತಿತ್ತು.

ಆಮೇಲೆ ನನ್ನನ್ನು ಕೊಂಡವಳು ನೀಲಾಂಬಿಕಾ ಮುಳಗುಂದ. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದಳು. ಮಾರುಕಟ್ಟೆಯಲ್ಲಿ ಸಂಗನಬಸಪ್ಪನ ಬಳೆ ಅಂಗಡಿಯ ಮೇಲೆ ಅವಳದೊಂದು ಬಾಡಿಗೆ ಕೋಣೆ ಇತ್ತು. ಮೆಟ್ಟಿಲು ಹತ್ತಿ ಬರುವವರ ಚಪ್ಪಲಿ ನನಗೆ ಮೊದಲು ಕಾಣುತ್ತಿತ್ತು, ಮುಖ ಆಮೇಲೆ. ಮೇಜಿನ ಕೆಳಗೆ ಇಟ್ಟಿದ್ದಳಲ್ಲ!

ಅಂತರ್ಜಾಲದ ಪ್ರತಿ ವಿಳಾಸಕ್ಕೂ ಒಂದು ಬಾಲ ಇರುತ್ತದೆ: ಡಾಟ್ ಕಾಮ್, ಡಾಟ್ ಇನ್ ಎಂದು. ಯಾವ ಬಾಲ ಇರಬೇಕು, ಯಾರ ಕೈಯಲ್ಲಿರಬೇಕು ಎಂದು ದೂರದ ದೇಶದ ದೊಡ್ಡ ಕಚೇರಿಯೊಂದು ನಿರ್ಧರಿಸುತ್ತದೆ. ನೀಲಾಂಬಿಕಾಳಿಗೆ ಇದು ಸೇರಲಿಲ್ಲ. ನಮ್ಮ ಪೇಟೆಯ ಹೆಸರಿಗೆ ಅವರನ್ನೇಕೆ ಕೇಳಬೇಕು, ನಮ್ಮದೇ ಒಂದು ಬಾಲ ಕಟ್ಟೋಣ ಎಂದಳು. ಅದೇ ಡಾಟ್ ಸಂತೆ. ಯಾವ ಹೆಸರು ಯಾರದೆಂಬ ಪಟ್ಟಿ ನನ್ನ ಹೊಟ್ಟೆಯಲ್ಲಿ. ಊರಿನ ಕಂಪ್ಯೂಟರುಗಳಿಗೆ ‘ಸಂತೆಯ ಹೆಸರು ಬಂದರೆ ನನ್ನ ಡಬ್ಬಿಯನ್ನು ಕೇಳು’ ಎಂದು ಅವಳೇ ಹೋಗಿ ಹೇಳಿಕೊಟ್ಟು ಬಂದಳು. ಉಳಿದ ಜಗತ್ತಿಗೆ ನಾವು ಕಾಣುತ್ತಿರಲಿಲ್ಲ.

ಮೊದಲು ಹೆಸರು ಕೇಳಲು ಬಂದವನು ಸಂಗನಬಸಪ್ಪನೇ. ಆದರೆ ಅದು ಆಷಾಢ.

“ಆಷಾಢದಾಗ ಹೊಸಾದೇನೂ ಸುರು ಮಾಡಂಗಿಲ್ಲ, ನೀಲವ್ವ. ನಮ್ಮಪ್ಪ ಅಂಗಡಿಗೆ ಒಂದ ಮೊಳಿ ಸೈತ ಹೊಡೀತಿದ್ದಿಲ್ಲ” ಎಂದ.

“ಹಂಗಾರ ಶ್ರಾವಣದ ತನಕಾ ತಡೀರಿ, ಕಾಕಾ.”

“ತಡದ್ರ ಬ್ಯಾರೇದವರು ಹೆಸರು ಹೊಡಕೊಂಡು ಹೋಗ್ತಾರ. ನಿನ್ನ ಡಬ್ಬಿಗೆ ಇವತ್ತ ಬಸವ ಜಯಂತಿ ಅಂತ ಹೇಳವಾ. ಅದೇನ ಪಂಚಾಂಗ ಓದತೈತೇನು?”

ಅವಳು ನಕ್ಕು ನನ್ನ ಗಡಿಯಾರವನ್ನು ಎರಡು ತಿಂಗಳು ಹಿಂದಕ್ಕೆ ತಿರುಗಿಸಿದಳು. ಬಸವ ಜಯಂತಿಯ ತಾರೀಖು ಹಾಕಿ ‘ಬಳೆ ಡಾಟ್ ಸಂತೆ’ ಎಂದು ಬರೆದಳು. ಆ ಹೆಸರಿನ ಜೊತೆಗೇ ಡಾಟ್ ಸಂತೆಯೂ ಹುಟ್ಟಿತು. ಸಂಗನಬಸಪ್ಪ ಎಲ್ಲರಿಗೂ ಪೇಢೆ ಹಂಚಿದ. ಆಮೇಲೆ ಬಂದವರೂ ತಮತಮಗೆ ಬೇಕಾದ ಒಳ್ಳೇ ದಿನ ಹೇಳಿದರು: ಒಬ್ಬನಿಗೆ ದೀಪಾವಳಿ, ಒಬ್ಬನಿಗೆ ಬನ್ನಿಹಬ್ಬ. ಪಾತ್ರೆ, ಹಗ್ಗ, ಕಂಬಳಿ, ಮಸಾಲೆ, ಹೀಗೆ ಮೂವತ್ತೆಂಟು ಹೆಸರು. ನನ್ನೊಳಗಿನ ವರ್ಷದಲ್ಲಿ ಕೆಟ್ಟ ದಿನವೇ ಇರಲಿಲ್ಲ. ಅಂಗಡಿಗಳ ಬೋರ್ಡಿನ ಮೇಲೆ ಡಾಟ್ ಸಂತೆ ಎಂದು ಬಣ್ಣದಲ್ಲಿ ಬರೆಸಿದರು. ನನಗೆ ಸ್ವಲ್ಪ ಕೊಬ್ಬು ಬಂದಿದ್ದು ನಿಜ.

ಮೂರು ವರ್ಷ ಹೀಗೇ ನಡೆಯಿತು. ನಮ್ಮಂತೆ ಸ್ವಂತ ಬಾಲ ಕಟ್ಟಿಕೊಂಡ ಸಣ್ಣವರು ಬೇರೆ ಊರುಗಳಲ್ಲೂ ಇದ್ದರು. ಅವರೆಲ್ಲ ಕೂಡಿ ಒಕ್ಕೂಟ ಮಾಡಿಕೊಂಡರು. ಒಬ್ಬರ ಹೆಸರನ್ನು ಎಲ್ಲರೂ ತೋರಿಸಬೇಕು, ಒಂದು ಬಾಲ ಒಬ್ಬರದೇ ಆಗಿರಬೇಕು ಎಂಬುದು ಅಲ್ಲಿಯ ಕಟ್ಟಳೆ. ನಾವು ಸೇರಲು ಹೋದಾಗ ತೊಡಕು ಗೊತ್ತಾಯಿತು. ತುಮಕೂರಿನಲ್ಲಿ ರೇಣುಕಪ್ರಸಾದ್ ಎಂಬವರು ಅದೇ ವರ್ಷ ಅದೇ ಡಾಟ್ ಸಂತೆಯನ್ನು ಕಟ್ಟಿದ್ದರು. ಅವರನ್ನು ನಂಬಿಯೂ ಒಂದು ಪೇಟೆ ಇತ್ತು. ಮೊದಲು ಯಾರು ಬರೆದರೋ ಬಾಲ ಅವರದು, ಇನ್ನೊಬ್ಬರು ಬಿಡಬೇಕು, ಇಬ್ಬರೂ ಮೊದಲ ಹೆಸರಿನ ತಾರೀಖು ಕಳಿಸಿ ಎಂದು ಒಕ್ಕೂಟದಿಂದ ಪತ್ರ ಬಂತು.

ತುಮಕೂರಿನವರು ಬರೆದದ್ದು ಕಾರಹುಣ್ಣಿಮೆಯ ಮರುದಿನ. ನನ್ನ ಹೊಟ್ಟೆಯಲ್ಲಿದ್ದದ್ದು ಅದಕ್ಕೂ ಮೊದಲಿನ ಬಸವ ಜಯಂತಿ. ನಿಜವಾಗಿ ಬರೆದದ್ದು ಅದಾದ ಮೇಲಿನ ಆಷಾಢದಲ್ಲಿ. ಹಾಳೆಯ ಮೇಲೆ ನಾವು ಗೆದ್ದಿದ್ದೆವು.

ನೀಲಾಂಬಿಕಾ ಸಂಗನಬಸಪ್ಪನನ್ನು ಮೇಲೆ ಕರೆದಳು. “ಕಾಕಾ, ಈ ತಾರೀಖು ಕಳಸಾಕ ಬರಂಗಿಲ್ಲ.”

“ಯಾಕ? ಡಬ್ಬಿಯೊಳಗ ಐತಲ್ಲ?”

“ಸುಳ್ಳೈತಿ.”

“ಸುಳ್ಳಲ್ಲವಾ, ಅದು ಮುಹೂರ್ತ!” ಅವನ ದನಿ ಏರಿತು. “ಮೂವತ್ತೆಂಟು ಮಂದಿ ಬೋರ್ಡ್ ಬರಸ್ಯಾರ. ಅವರಿಗೆ ಏನಂತ ಹೇಳ್ತಿ?”

“ನಮ್ಮ ಮನಿ ಕಟ್ಟಾಕ ಇಟ್ಟಾಗ ಅದು ಮುಹೂರ್ತ ಆಗಿತ್ರಿ. ಇನ್ನೊಬ್ಬರ ಮನಿ ಕೆಡವಾಕ ತೋರಿಸಿದ್ರ ಸುಳ್ಳ ಆಗತೈತಿ.”

ಅವನು ದಡದಡ ಮೆಟ್ಟಿಲಿಳಿದು ಹೋದ. ಹೆದರಿಕೆಯಿಂದ ನನ್ನ ಫ್ಯಾನು ಜೋರಾಯಿತು. ಅವಳು ಸುಮ್ಮನಿದ್ದರೆ ಸಾಕಿತ್ತು, ನಾನು ಉಳಿಯುತ್ತಿದ್ದೆ. ಕೇಳಿದ್ದರೆ ಆ ಬಸವ ಜಯಂತಿಯನ್ನು ನಾಚಿಕೆಯಿಲ್ಲದೆ ಒಪ್ಪಿಸುತ್ತಿದ್ದೆ ಕೂಡ. ಅವಳು ನನ್ನನ್ನು ಕೇಳಲಿಲ್ಲ. ಡಬ್ಬಿಯಲ್ಲಿರುವ ಬಸವ ಜಯಂತಿ ನಿಜವಲ್ಲ ಎಂದು ತಿಳಿಸಿ, ಆಷಾಢದ ತಾರೀಖನ್ನೇ ಬರೆದು ಕಳಿಸಿದಳು.

ಬಾಲ ತುಮಕೂರಿಗೆ ಹೋಯಿತು. ಕೆಲವರು ಮೆಟ್ಟಿಲ ಮೇಲೆ ನಿಂತೇ ಜಗಳವಾಡಿದರು, ಕೆಲವರು ಬರುವುದನ್ನೇ ಬಿಟ್ಟರು. ಒಂದು ಮಧ್ಯಾಹ್ನ ಅವಳು ಕೂತು ಒಂದೊಂದೇ ಹೆಸರು ಅಳಿಸಿದಳು. ಕೊನೆಗೆ ಬಳೆ ಉಳಿಯಿತು. ಆಗ ಸಂಗನಬಸಪ್ಪ ಮೇಲೆ ಬಂದ. ಎರಡು ತಿಂಗಳಿಂದ ಅವಳ ಜೊತೆ ಮಾತಾಡಿರಲಿಲ್ಲ.

“ನಂದ ನಾನ ಅಳಸ್ತೀನಿ. ಯಾವ ಗುಂಡಿ, ತೋರ್ಸು” ಎಂದ.

ಅವಳು ತೋರಿಸಿದಳು. ಬಳೆ ತೊಡಿಸಿ ತೊಡಿಸಿ ಮೆತ್ತಗಾಗಿದ್ದ ಬೆರಳಿನಿಂದ ಒತ್ತಿದ. ಅಷ್ಟು ಹಗುರವಾಗಿ ನನ್ನನ್ನು ಯಾರೂ ಮುಟ್ಟಿರಲಿಲ್ಲ. ನನಗೆ ದುಃಖವಾಯಿತು.

ಅವನು ಇನ್ನೂ ಅಲ್ಲೇ ನಿಂತಿದ್ದಾಗ ಫೋನು ಬಂತು. ತುಮಕೂರಿನ ರೇಣುಕಪ್ರಸಾದ್. ಸ್ಪೀಕರಿನಲ್ಲಿ ಅವರ ಮಾತು ನಮಗೆಲ್ಲ ಕೇಳಿಸಿತು.

“ಮೇಡಂ, ನೀವು ಮೊದ್ಲು ಬರೆದಿದ್ದು ಬಸವ ಜಯಂತಿ ತಾರೀಖಂತೆ, ಆಮೇಲೆ ತಿದ್ದಿ ಕಳಿಸಿದ್ರಂತೆ. ಒಕ್ಕೂಟದೋರು ಹೇಳಿದ್ರು. ನೀವು ಸುಮ್ನೆ ಇದ್ದಿದ್ರೆ ನಮ್ಗೆ ಗೊತ್ತೇ ಆಗ್ತಿರ್ಲಿಲ್ವಲ್ಲ!”

“ನನಗ ಗೊತ್ತಿತ್ತಲ್ರೀ” ಎಂದಳು ನೀಲಾಂಬಿಕಾ.

ಸಂಗನಬಸಪ್ಪ ತನ್ನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಈಗ ನಾನು ಪಾಲಿಟೆಕ್ನಿಕ್‌ನ ಸಾಮಾನು ಕೋಣೆಯ ಮೂಲೆಯಲ್ಲಿದ್ದೇನೆ. ಮೇಲೆ ಎರಡು ಮುರಿದ ಕೀಬೋರ್ಡು, ಒಳಗೆ ಒಂದು ಜೇಡ. ಹುಡುಗರಿಗೆ ತೋರಿಸಲು ನನ್ನ ಮುಚ್ಚಳ ತೆಗೆದು, ಇದು ಎಂದೂ ಸುಳ್ಳು ಹೇಳದ ಯಂತ್ರ ಎಂದು ಮೇಷ್ಟ್ರುಗಳು ಹೊಗಳುತ್ತಾರೆ. ಮುಜುಗರವಾಗುತ್ತದೆ. ನಾನು ಮೂರು ವರ್ಷ ಸುಳ್ಳನ್ನೇ ಹೇಳಿದ್ದೆ, ಹೇಳಿಸಿದ್ದನ್ನು ಹೇಳುವುದು ಬಿಟ್ಟು ನನಗೆ ಬೇರೇನೂ ಬರುತ್ತಿರಲಿಲ್ಲ. ಸುಮ್ಮನಿರಲು ಬರುತ್ತಿದ್ದದ್ದು ಅವಳಿಗೆ. ಆದರೂ ಅವಳು ಸುಮ್ಮನಿರಲಿಲ್ಲ.