ಸೋಫಾ ಜಾಗಕ್ಕೆ ಬಂದ ಆಮೆ

ನಮ್ಮ ಮುಂಗೋಣೆಯಲ್ಲಿ ಬಿಸಿಲು ಬೀಳುವುದು ಒಂದೇ ಕಿಟಕಿಯಲ್ಲಿ. ಅದರ ಕೆಳಗೆ ನನ್ನ ಹೂವಿನ ಬಟ್ಟೆಯ ಸೋಫಾ ಇತ್ತು. ಪಾದ್ರಿಗಳು ಬಂದಾಗ ಮಾತ್ರ ಅದರ ಹೊದಿಕೆ ತೆಗೆಯುತ್ತಿದ್ದೆ. ಉಳಿದ ದಿನ ನಾನೂ ಅದರ ಮೇಲೆ ಕೂತವಳಲ್ಲ. ಈ ಸೆಪ್ಟೆಂಬರಿನಲ್ಲಿ ನನ್ನ ಗಂಡ ವರ್ಲನ್ ಅದನ್ನು ದರದರ ಎಳೆದು ವರಾಂಡಕ್ಕೆ ಹಾಕಿದ. ಆ ಜಾಗ ಆಮೆಗೆ ಬೇಕಂತೆ. ಗೋಡೆಗೊಂದು ಮೊಳೆ ಹೊಡೆದುಕೊಡು ಎಂದು ನಾನು ಕೇಳಿದರೆ ನಾಳೆ ಎನ್ನುವ ಗಂಡಸು, ಆಮೆಯ ಕೆಲಸ ಎಂದ ಕೂಡಲೇ ಸುತ್ತಿಗೆ ಹಿಡಿದು ನಿಂತಿದ್ದ.

ತಪ್ಪು ಅವನದೇ. ಹಿತ್ತಲಲ್ಲಿ ಹುಲ್ಲು ಕತ್ತರಿಸುವಾಗ ಯಂತ್ರ ತಗಲಿ ಆಮೆಯ ಚಿಪ್ಪಿನ ಅಂಚು ಸೀಳಿತು. ಎತ್ತಿ ತಿರುಗಿಸಿದರೆ ಅಡಿಚಿಪ್ಪಿನಲ್ಲಿ ಚಾಕುವಿನಿಂದ ಕೊರೆದ ಎರಡು ಇಂಗ್ಲಿಷ್ ಅಕ್ಷರ. ನಮ್ಮ ಕೆಂಟಕಿಯ ಗುಡ್ಡಗಳಲ್ಲಿ ಹಿಂದೆ ಹುಡುಗರ ಕೈಗೆ ಚಾಕು ಬಂದರೆ ಮೊದಲು ಮಾಡುತ್ತಿದ್ದ ಕೆಲಸ ಇದು: ಒಂದು ಆಮೆ ಹಿಡಿದು, ಹೆಸರಿನ ಅಕ್ಷರ ಕೊರೆದು, ಬಿಟ್ಟುಬಿಡುವುದು. ಆಮೆಯ ಆಯುಷ್ಯ ಗಟ್ಟಿ. ಕೊರೆದವನು ಮಣ್ಣು ಸೇರಿದ ಮೇಲೂ ಅವನ ಅಕ್ಷರ ತೋಟದಲ್ಲಿ ಓಡಾಡಿಕೊಂಡಿರುತ್ತದೆ.

ವರ್ಲನ್ ಕಣ್ಣು ಕಿರಿದು ಮಾಡಿ ಓದಿದ. ಇ, ಎಸ್. ಈನಕ್ ಸೈಜ್‌ಮೋರ್, ಅವನ ಅಪ್ಪ. ಈನಕ್ ಗಣಿಯಲ್ಲಿ ಸತ್ತಾಗ ಇವನು ಹಾಲುಹಲ್ಲಿನ ಹುಡುಗ. ಇದ್ದೊಂದು ಫೋಟೋ ಪ್ರವಾಹದಲ್ಲಿ ಕೊಚ್ಚಿಹೋಯಿತು. ಅಪ್ಪನದೆಂದು ಹೇಳಿಕೊಳ್ಳಲು ಅಂಗಿಯ ಒಂದು ಗುಂಡಿಯೂ ಇಲ್ಲದವನಿಗೆ ಈಗ ಉಸಿರಾಡುವ ಆಮೆ ಸಿಕ್ಕಿತ್ತು, ಅದನ್ನೂ ಅವನೇ ಸೀಳಿದ್ದ. ಪಶುವೈದ್ಯೆ ಸೀಳಿಗೆ ಅಂಟು ಹಾಕಿ, ಈ ಚಳಿಗಾಲ ಹೊರಗೆ ಬಿಟ್ಟರೆ ಉಳಿಯುವುದಿಲ್ಲ, ಮನೆಯೊಳಗೇ ಸಾಕಿ ಎಂದಳು. ತಿಂದರೆ ಬದುಕುತ್ತದೆ, ತಿನ್ನದಿದ್ದರೆ ಇಲ್ಲ ಎಂದೂ ಸೇರಿಸಿದಳು.

ವರ್ಲನ್ ನಗರದ ಅಂಗಡಿಗೆ ಫೋನು ಮಾಡಿ, ಟೆರಪಿನ್‌ಗೆ ಒಂದು ಒಳ್ಳೆಯ ಮನೆ ಕಳಿಸಿ ಎಂದ. ನೆಲದ ಮೇಲೆ ತೆವಳುವ, ಗುಮ್ಮಟದಂಥ ಚಿಪ್ಪಿನ ಈ ಆಮೆಯನ್ನು ನಮ್ಮ ಕಡೆ ಎಲ್ಲರೂ ಟೆರಪಿನ್ ಅನ್ನುವುದು. ನಗರದವರ ಬಾಯಲ್ಲಿ ಟೆರಪಿನ್ ಎಂದರೆ ಈಜುವ ಆಮೆ ಎಂದು ನಮಗೇನು ಕನಸು ಬಿದ್ದಿತ್ತೆ? ಬಂದದ್ದು ಶವಪೆಟ್ಟಿಗೆಯಷ್ಟು ಉದ್ದದ ಗಾಜಿನ ತೊಟ್ಟಿ, ನೀರು ತಿರುಗಿಸುವ ಪಂಪು, ತೇಲುವ ಹಲಗೆ, ಪ್ಲಾಸ್ಟಿಕ್ಕಿನ ತೆಂಗಿನಮರ. ಆಮೆಯ ವ್ಯಾಪಾರ ಮಾಡುವವರು ಅವರು, ನಮಗಿಂತ ಅವರಿಗೇ ಗೊತ್ತಿರುತ್ತದೆ ಎಂದು ವರ್ಲನ್ ಬಕೆಟ್ಟುಗಟ್ಟಲೆ ನೀರು ಹೊತ್ತು ಕಂಠಮಟ್ಟ ತುಂಬಿಸಿ ಆಮೆಯನ್ನು ಮೆಲ್ಲಗೆ ಬಿಟ್ಟ. ಅದು ಇಟ್ಟಿಗೆಯ ಹಾಗೆ ತಳಕ್ಕೆ ಹೋಯಿತು. ನಾನು ಹೆಗಲವರೆಗೆ ತೋಳು ಮುಳುಗಿಸಿ ಎತ್ತಿದೆ.

"ಬಾತುಕೋಳಿ ಅಂದ್ಕೊಂಡ್ಯಾ?" ಎಂದು ಕೇಳಿದೆ. ಅವನು ಬಕೆಟ್ಟು ಹಿಡಿದು ತುಂಬಿಸಿದ ನೀರನ್ನೆಲ್ಲ ಮೊಗೆದು ಹೊರಗೆ ಚೆಲ್ಲತೊಡಗಿದ.

ಆಮೇಲೆ ಪ್ಲೈವುಡ್ಡಿನ ಪೆಟ್ಟಿಗೆ ಎದ್ದಿತು, ಕಿಟಕಿಯ ಉದ್ದಕ್ಕೂ, ಮೊಣಕಾಲೆತ್ತರ. ಒಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗೇಣೆತ್ತರ ಕಾಡುಮಣ್ಣು, ಓಕ್ ಎಲೆ, ಪಾಚಿ, ಅಡಗಿಕೊಳ್ಳಲು ಒಂದು ಟೊಳ್ಳು ಕೊರಡು. ಒಂದು ತುದಿಗೆ ಕೋಳಿಮರಿಗಳ ಕಾವಿನ ದೀಪ, ಪಕ್ಕದಲ್ಲಿ ಬಿಸಿಲಿನ ಬದಲಿಗೆ ಉರಿಯುವ ಇನ್ನೊಂದು ದೀಪ. ನೋಡನೋಡುತ್ತ ನನ್ನ ಅಡುಗೆಮನೆಯೂ ಅತ್ತ ನಡೆಯಿತು. ಸೇಬಿನ ಪೈ ಮಾಡುವ ತಟ್ಟೆ ಆಮೆಯ ಕೊಳವಾಯಿತು. ಮಾಂಸದ ಕಾವು ನೋಡುವ ಮಾಪಕ ಮಣ್ಣಿಗೆ ಚುಚ್ಚಿಕೊಂಡಿತು. ಇಸ್ತ್ರಿಗೆ ನೀರು ಚಿಮುಕಿಸುವ ಸೀಸೆ ಅದರ ಸ್ವಂತ ಮಳೆಯಾಯಿತು. ಅರಮನೆ ಸಿದ್ಧವಾಯಿತು, ಅರಸ ಮಾತ್ರ ಕೊರಡಿನ ಕೆಳಗೆ ಹೊಕ್ಕು ಕದ ಹಾಕಿಕೊಂಡ.

ಎರೆಹುಳು ಇಟ್ಟೆವು. ಅಣಬೆ, ಬೇಯಿಸಿದ ಮೊಟ್ಟೆ, ಅಂಗಡಿಯ ಸ್ಟ್ರಾಬೆರಿ ಇಟ್ಟೆವು. ಜಪ್ಪಯ್ಯ ಅಂದರೂ ಬಾಯಿ ತೆರೆಯಲಿಲ್ಲ. ಊರಿನವರು ಬಂದು ತಲೆಗೊಂದು ಬುದ್ಧಿ ಹೇಳಿ ಕಾಫಿ ಕುಡಿದು ಹೋದರು. ಪಾದ್ರಿಗಳು ಬಂದು ಸೋಫಾ ಎಲ್ಲಿ ಎಂದು ಕಣ್ಣಾಡಿಸಿ, ಅಡುಗೆಮನೆಯ ಕುರ್ಚಿಯಲ್ಲಿ ಕೂತು ಆಮೆಗಾಗಿ ಚಿಕ್ಕದೊಂದು ಪ್ರಾರ್ಥನೆ ಮಾಡಿದರು. ಆಮೆ ಪಾದ್ರಿಗಳ ಮಾತಿಗೂ ಬಗ್ಗಲಿಲ್ಲ.

ವರ್ಲನ್ ಕೂಡ ಊಟ ಬಿಟ್ಟ. ನಾನು ಮಾಡಿದ ಬೀನ್ಸು, ಜೋಳದ ರೊಟ್ಟಿ ತಟ್ಟೆಯಲ್ಲೇ ಆರುತ್ತಿದ್ದವು. ಆ ಪೆಟ್ಟಿಗೆಯ ಮುಂದೆ ಬಗ್ಗಿ ಕೂತ ಅವನ ಬೆನ್ನು ನೋಡಿದರೆ ನನಗೆ ಸಿಟ್ಟೆಲ್ಲ ಇಳಿದುಹೋಗುತ್ತಿತ್ತು. ಅಪ್ಪನನ್ನು ಇವನು ಎರಡನೇ ಸಲ ಹೂಳುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಒಂದು ಬೆಳಿಗ್ಗೆ ಅವನು ಎಲೆ ತರಲು ಹೋದಾಗ ಆಮೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಕೂರಿಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹೊಟ್ಟೆ ಉಜ್ಜಿದೆ. ಇ ಅಕ್ಷರದ ಕೆಳಗಿನ ಅಡ್ಡಗೆರೆ ಬ್ರಷ್ಷಿನ ಜೊತೆಗೇ ಬಂತು. ಅದು ಗೆರೆಯಲ್ಲ, ಅಂಟಿದ ಮಣ್ಣು. ಉಳಿದದ್ದು ಎಫ್. ಎಫ್, ಎಸ್. ಫೌಂಟ್ ಸ್ಟಿಡಮ್.

ಫೌಂಟ್ ನಮ್ಮ ಬೇಲಿಯಾಚೆಯ ನೆರೆಯವನು, ವರ್ಲನ್ನಿಗಿಂತ ನಾಲ್ಕೈದು ವರ್ಷ ದೊಡ್ಡವನು. ಅವನಿಗೂ ನನ್ನ ಗಂಡನಿಗೂ ಎಣ್ಣೆ ಸೀಗೆಕಾಯಿ. ಒಟ್ಟಿಗೆ ಮೀನು ಹಿಡಿದು ಬೆಳೆದವರು, ಪಾಪಾ ಎಂಬ ಕಾಡುಹಣ್ಣಿನ ಒಂದು ಮರಕ್ಕಾಗಿ ಎಷ್ಟೋ ವರ್ಷದ ಹಿಂದೆ ಮಾತು ಬಿಟ್ಟಿದ್ದರು. ಬುಡ ಅವನ ಕಡೆ, ಕೊಂಬೆ ನಮ್ಮ ಕಡೆ. ಹಣ್ಣು ಬಿದ್ದು ಟ್ರಕ್ಕು ಕೊಳೆಯಾಗುತ್ತದೆ ಎಂದು ವರ್ಲನ್ ಒಂದು ಕೊಂಬೆ ಕಡಿದ, ಅಷ್ಟೇ.

ಆ ಗೆರೆಯನ್ನು ಪೆನ್ನಿನಲ್ಲಿ ಎಳೆದುಬಿಡಲೇ ಎಂದು ಒಂದು ಗಳಿಗೆ ಯೋಚಿಸಿದೆ, ಸುಳ್ಳೇಕೆ ಹೇಳಲಿ. ಆದರೆ ಹೆಸರಿಗಿಂತ ಹಸಿವು ದೊಡ್ಡದು. ಆಮೆ ಅವನದಾದರೆ ಅದರ ಬಾಯಿರುಚಿಯೂ ಅವನಿಗೇ ಗೊತ್ತಿರಬೇಕು. ಆಮೆಯನ್ನು ಪೆಟ್ಟಿಗೆಗೆ ಬಿಟ್ಟು ನೇರ ಫೌಂಟ್‌ನ ಮೆಟ್ಟಿಲಿಗೆ ಹೋದೆ. ಅಕ್ಷರದ ವಿಷಯ ಎತ್ತಲಿಲ್ಲ. ಆಮೆ ಉಪವಾಸ, ಅದರ ಜೊತೆ ವರ್ಲನ್ನೂ ಉಪವಾಸ ಎಂದೆ.

"ಏನ್ ಕೊಡ್ತಿದ್ದೀರಿ, ಓಪಲ್?"

"ಸ್ಟ್ರಾಬೆರಿ."

"ಅಂಗಡೀದಾ? ನಾನಾಗಿದ್ರೂ ಬಾಯಿ ಮುಚ್ಕೊಂಡೇ ಇರ್ತಿದ್ದೆ."

ಆ ಆಮೆ ಪ್ರತಿ ಸೆಪ್ಟೆಂಬರಿನಲ್ಲಿ ಬೇಲಿ ನುಸುಳಿ ತನ್ನ ಮರದಡಿಗೆ ಬರುತ್ತದೆ, ನೆಲಕ್ಕೆ ಬಿದ್ದು ಕಪ್ಪಾದ ಪಾಪಾ ಹಣ್ಣು ಬಿಟ್ಟರೆ ಬೇರೇನೂ ಮೂಸುವುದಿಲ್ಲ ಎಂದ. ಟೋಪಿಯ ತುಂಬ ಹಣ್ಣು ಆರಿಸಿಕೊಂಡು ನನ್ನ ಹಿಂದೆಯೇ ಹೊರಟ.

ವರ್ಲನ್ ಅಷ್ಟರಲ್ಲಿ ಎಲೆ ತಂದು ಪೆಟ್ಟಿಗೆಯ ಮುಂದೆ ಕೂತಿದ್ದ. ಫೌಂಟ್‌ನನ್ನು ನೋಡಿ ಏಳಲಿಲ್ಲ, ಹೋಗು ಅನ್ನಲೂ ಇಲ್ಲ. ಇಬ್ಬರೂ ಆಮೆಯ ಜೊತೆ ಮಾತಾಡತೊಡಗಿದರು. ದೀಪದ ಕೆಳಗೆ ಮಣ್ಣು ಒಣಗಿದೆ, ನೋಡ್ಕೊಳ್ಳೋರಿಗೆ ಕಣ್ಣಿಲ್ವೇನಪ್ಪಾ ಎಂದು ಫೌಂಟ್ ಆಮೆಯನ್ನು ಕೇಳಿದ. ಕರೆಯದೆ ಬಂದವರು ಟೋಪಿಯಾದರೂ ತೊಳೆದು ತರಬೇಕಿತ್ತು ಎಂದು ವರ್ಲನ್ ಆಮೆಗೆ ಹೇಳಿದ. ಆಮೆಗೆ ಅಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ.

ಫೌಂಟ್ ಹಣ್ಣು ಹಿಸುಕಿ ಎಲೆಯ ಮೇಲಿಟ್ಟ. ಚಿಪ್ಪಿನ ಸೀಳು ನೋಡಲು ಆಮೆಯನ್ನು ಎತ್ತಿ ತಿರುಗಿಸಿದ. ಅವನ ಹೆಬ್ಬೆರಳು ಅಕ್ಷರಗಳ ಮೇಲೆ ನಿಂತಿತು.

"ಕೈಲಿ ಹಿಡ್ಕೊಂಡೋರಿಗೆ ಹೇಳು, ಅದು ನಮ್ಮಪ್ಪನ ಅಕ್ಷರ ಅಂತ," ಎಂದ ವರ್ಲನ್.

ಫೌಂಟ್ ನನ್ನನ್ನು ನೋಡಿದ. ನಾನು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದೆ. ಅವನು ಆಮೆಯನ್ನು ಹಣ್ಣಿನ ಪಕ್ಕ ಇಳಿಸಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಈನಕ್ ಅವರ ಚಾಕೂನಲ್ಲೇ ಕೊರೆದಿದ್ದು," ಎಂದ. "ನಾನು ಅಲ್ಲೇ ಇದ್ದೆ. ಹಳ್ಳದ ದಡದಲ್ಲಿ. ಮೆಲ್ಲಗೆ ಕಣೋ, ಅದಕ್ಕೆ ನೋವಾಗ್ಬಾರ್ದು, ಅಂತ ಮತ್ತೆ ಮತ್ತೆ ಹೇಳ್ತಿದ್ರು."

ವರ್ಲನ್ ಆಮೆಯಿಂದ ತಲೆ ಎತ್ತಿದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ನೆರೆಯವನ ಮುಖವನ್ನೇ ನೋಡಿದ.

"ಹೇಗಿತ್ತು ಫೌಂಟ್, ಅವರ ದನಿ? ನಂಗೆ ನೆನಪಿಲ್ಲ."

ಅಂಥ ಮಾತು ನಿಂತು ಹೇಳುವುದಲ್ಲ. ಫೌಂಟ್ ಕೂರಲು ಜಾಗ ಹುಡುಕಿದ, ಜಾಗವಿರಲಿಲ್ಲ. ಇಬ್ಬರೂ ವರಾಂಡಕ್ಕೆ ಹೋಗಿ, ಬಾಗಿಲ ಚೌಕಟ್ಟಿನ ಬಣ್ಣ ಕೆರೆಯುತ್ತ ನನ್ನ ಸೋಫಾವನ್ನು ಹೊತ್ತು ತಂದು ಪೆಟ್ಟಿಗೆಯ ಎದುರಿಗಿಟ್ಟರು. ಹೊದಿಕೆಯನ್ನು ಯಾರ ಅಪ್ಪಣೆಯೂ ಇಲ್ಲದೆ ಕಿತ್ತೆಸೆದು, ಮಣ್ಣಿನ ಪ್ಯಾಂಟಿನಲ್ಲೇ ಕೂತರು. ಈನಕ್‌ನ ದನಿ ಒರಟಾಗಿತ್ತಂತೆ, ನಗು ಮಾತ್ರ ಸಣ್ಣ ಹುಡುಗನದಂತೆ. ಕೆಲಸಕ್ಕೆ ಹೋಗುವಾಗ ಮಗನನ್ನು ಬೇಲಿಯವರೆಗೆ ಹೆಗಲ ಮೇಲೆ ಕೂರಿಸಿಕೊಂಡು ಬಂದು ಅಲ್ಲಿ ಇಳಿಸುತ್ತಿದ್ದನಂತೆ. ವರ್ಲನ್ ಬಾಯಿ ತೆರೆದುಕೊಂಡು ಕೇಳುತ್ತಿದ್ದ, ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತಿದ್ದ. ಫೌಂಟ್ ಹೇಳಿದ್ದರಲ್ಲಿ ಎಷ್ಟು ನಿಜ ಎಂದು ನಾನು ಇವತ್ತಿಗೂ ಕೇಳಿಲ್ಲ.

ಪೆಟ್ಟಿಗೆಯೊಳಗೆ ಚಪಚಪ ಸದ್ದಾಯಿತು. ಬಗ್ಗಿ ನೋಡಿದರೆ ಆಮೆ ಮೂತಿಗೆಲ್ಲ ಹಳದಿ ಮೆತ್ತಿಕೊಂಡು ಕೊಳೆತ ಹಣ್ಣು ಬಾರಿಸುತ್ತಿತ್ತು. ಅಷ್ಟು ದಿನ ಊರೆಲ್ಲ ಕಾದ ಗಳಿಗೆ ಅದು. ಸೋಫಾದ ಮೇಲಿದ್ದ ಇಬ್ಬರಿಗೂ ಅದು ಕಾಣಲಿಲ್ಲ, ನಾನೂ ಹೇಳಲಿಲ್ಲ. ಜೋಳದ ರೊಟ್ಟಿ ಬಿಸಿ ಮಾಡಲು ಒಳಗೆ ಹೋದೆ, ಮೂರು ತಟ್ಟೆ ತೆಗೆದಿಟ್ಟೆ.